ಆರಾದ ಮೇಲೆ ಎಂಟು

ನಿವೇತಾ ಕುಪ್ಪುಸಾಮಿಯವರನ್ನು ಮೊದಲ ಸಲ ಕಂಡಾಗ ಅವರು ಮೋಟಾರ್ ರೂಮಿನ ತಾರಸಿಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದರು. ಎಡಗೈಯಲ್ಲಿ ಅಲ್ಯೂಮಿನಿಯಂ ತಟ್ಟೆ, ಬಲಗೈಯಲ್ಲಿ ಫೋನು. ತಟ್ಟೆ ಇದ್ದದ್ದು ಊಟಕ್ಕಲ್ಲ. ನಡುವೆ ತೂತು ಕೊರೆದು, ಅದರಲ್ಲೊಂದು ತಂತಿ ತೂರಿಸಿ, ಆಕಾಶದಿಂದ ಏನೋ ಬೀಳುವುದಿದೆ ಎಂಬಂತೆ ಅದನ್ನು ಮೇಲಕ್ಕೆ ಹಿಡಿದಿದ್ದರು. ಲುಂಗಿ ಮಂಡಿಯಿಂದ ಮೇಲಕ್ಕೆ ಮಡಿಚಿ ಕಟ್ಟಿತ್ತು. ತಲೆಗೆ ಸುತ್ತಿದ ಟವೆಲಿನ ಸಂದಿಯಲ್ಲಿ ಒಂದು ಸ್ಕ್ರೂಡ್ರೈವರು, ಹೆಂಗಸರು ಹೂ ಮುಡಿದ ಹಾಗೆ, ಓರೆಯಾಗಿ ಸಿಕ್ಕಿಕೊಂಡಿತ್ತು.

ಅನ್ನೂರಿನಲ್ಲಿ ಬಸ್ಸಿಳಿದು, ಮಿನಿ ಬಸ್ಸು ಹಿಡಿದು, ಕಾಳೇಗೌಂಡನಪುದೂರಿನ ಬೇವಿನ ಮರದ ಸ್ಟಾಪಿನಿಂದ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಅವಳು ನಡೆದು ಬಂದಿದ್ದಳು. ಪೀಳಮೇಡಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಕಾರಮಡೈ ಕಡೆಯ ಒಕ್ಕಲು ಮನೆಯ ಹುಡುಗಿ, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಹಾಗಾಗಿ ದೊಡ್ಡವರನ್ನು ಕಾಣಲು ಹೋಗುವಾಗ ಇಸ್ತ್ರಿ ಮಾಡಿದ ಚೂಡಿದಾರ್ ತೊಟ್ಟು, ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಳ್ಳುವುದು ಅವಳ ಅಭ್ಯಾಸ. 'ವಣಕ್ಕಂ ಸಾರ್' ಎಂದು ಶುರುವಾಗುವ ಮೊದಲ ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು.

ಅದು ಅಲ್ಲೇ ಉಳಿಯಿತು.

"ಅಮ್ಮಣೀ, ಅಂಗೇಯೇ ನಿಲ್ಲು!" ಎಂದು ಮೇಲಿನಿಂದ ತಮಿಳಿನಲ್ಲಿ ಕೂಗು ಬಂತು. ಅಲ್ಲಿ ಕಟ್ಟಿರುವ ಎಮ್ಮೆಯ ಪಕ್ಕಕ್ಕೆ ಹೋಗಬೇಕಂತೆ, ಫೋನು ತೆಗೆಯಬೇಕಂತೆ, ಟವರು ಎಷ್ಟು ಕಡ್ಡಿ ತೋರಿಸುತ್ತಿದೆ ಎಂದು ಕೂಗಿ ಹೇಳಬೇಕಂತೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಗುರುಹಿರಿಯರ ಮಾತು ಮೀರದ ಹುಡುಗಿ ಎಮ್ಮೆಯ ಕಡೆ ನಡೆದಳು. ಫೋನನ್ನು ನೋಡಿಕೊಂಡು ನಡೆದದ್ದರಿಂದ ನೆಲ ನೋಡಲಿಲ್ಲ.

"ಅಯ್ಯೋ, ಸಗಣಿ!"

ಮೇಲಿದ್ದವರು ತಟ್ಟೆ ಇಳಿಸಿದರು. "ಓ... ನಮ್ಮೋಳಾ ನೀನು?" ಎಂದರು ಕನ್ನಡದಲ್ಲಿ. ತಮಿಳರ ಹುಡುಗಿಯಾಗಿದ್ದರೆ 'ಚಾಣಿ' ಅನ್ನುತ್ತಿದ್ದಳು. ಆ ಕಡೆ ಎಲ್ಲರೂ ಬೀದಿಯಲ್ಲಿ ಆಡುವುದು ತಮಿಳೇ. ಯಾರ ಮನೆಮಾತು ಯಾವುದು ಅಂತ ತಿಳಿಯಬೇಕಾದರೆ ಕಾಲು ಸಗಣಿಗೆ ಬೀಳಬೇಕು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. "ಆ, ಏಳು. ಏಳಪ್ಪಾ... ಸಂಜಿಗ್ ಬತ್ತೀನಿ, ಕಾಯಿಲ್ ಇನ್ನಾ ಒಣಗಿಲ್ಲ, ಮಡಗು" ಎಂದು ಮುಗಿಸಿ, ಕೆಳಗೆ ನೋಡಿ, "ಎಷ್ಟ್ ಕಡ್ಡಿ?" ಎಂದರು.

"ಎರಡು, ಮಾಮ."

ಸಾರ್ ಎಂದು ಕರೆಯಬೇಕೆಂದಿದ್ದವರನ್ನು ಮಾಮ ಎಂದು ಕರೆದದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಮೋಟಾರ್ ಫೋನು ಕಂಡುಹಿಡಿದವರು ನೀವೇ ಅಂತ ಕೇಳಿ ಬಂದೆ ಎಂದಳು. ಕುಪ್ಪುಸಾಮಿ ಏಣಿಯ ಮೆಟ್ಟಿಲುಗಳನ್ನು ಬಿಟ್ಟು ಬಿಟ್ಟು ಇಳಿದರು. ಲುಂಗಿಯ ಮಡಿಕೆ ಬಿಚ್ಚಿ ಪಾದದವರೆಗೆ ಇಳಿಬಿಟ್ಟರು, ಗೌರವದ ಗಳಿಗೆ ಬಂದಿದೆ ಎಂಬಂತೆ.

"ಜಾನೂ! ಟೀ ಆಕು! ಕಂಡಿಡ್ದವ್ರನ್ನ ನೋಡಕ್ಕೆ ಕಾಲೇಜಿಂದ ಬಂದವ್ರೆ!"

ಮನೆಯೊಳಗಿಂದ ಅವರ ಹೆಂಡತಿ ಜಾನಮ್ಮನ ದನಿ ಬಂತು. "ಕಳ್ದೋಗಿದ್ದನ್ನ ಕಂಡಿಡ್ದೋರಿಗೆ ಟೀ ಕೊಡ್ಬೋದು. ನೆನ್ನೆ ಕಳಕೊಂಡ ಕನ್ನಡ್ಕ ಕಂಡಿಡ್ದ್ರಾ?"

ಕನ್ನಡಕ ಎಮ್ಮೆಯ ಕೊಂಬಿನಲ್ಲಿ ನೇತಾಡುತ್ತಿತ್ತು. ನಿವೇತಾ ಅದನ್ನು ತಂದುಕೊಟ್ಟಳು. ಹೀಗೆ, ಆ ದಿನ ಏನನ್ನಾದರೂ ಕಂಡುಹಿಡಿದವಳು ಅವಳೊಬ್ಬಳೇ.

ಕುಪ್ಪುಸಾಮಿ ಹತ್ತನೇ ಕ್ಲಾಸಿನವರೆಗೆ ಓದಿ, ಆಮೇಲೆ ಓದಿಗೂ ತಮಗೂ ಆಗಿಬರುವುದಿಲ್ಲ ಎಂಬ ವಿಷಯದಲ್ಲಿ ಮೇಷ್ಟ್ರ ಜೊತೆ ಒಮ್ಮತಕ್ಕೆ ಬಂದವರು. ಕುರಿಚಿಯ ಒಂದು ಪಂಪು ಮಾಡುವ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುತ್ತ ಇದ್ದು, ಸೂಪರ್ವೈಸರಿಗೆ ಕೆಲಸ ಹೇಗೆ ಮಾಡಿಸಬೇಕು ಎಂದು ಪಾಠ ಹೇಳಿದ್ದಕ್ಕೆ ಅಲ್ಲಿಂದ ಹೊರಬಂದರು. ಊರಿಗೆ ಮರಳಿ, ಸುಟ್ಟ ಮೋಟಾರುಗಳಿಗೆ ಕಾಯಿಲ್ ಕಟ್ಟುವ ಅಂಗಡಿ ಇಟ್ಟರು. ಕೈ ಒಳ್ಳೆಯದು, ಬಾಯಿ ಅದಕ್ಕಿಂತ ದೊಡ್ಡದು ಎಂದು ಊರು ತೀರ್ಮಾನಿಸಿತು.

ಆ ಕಾಲದಲ್ಲಿ ತೋಟಕ್ಕೆ ತ್ರೀಫೇಸ್ ಕರೆಂಟು ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಈಗಲೂ ಅಂಥ ಶಿಸ್ತೇನೂ ಬಂದಿಲ್ಲ. ಬಂದಾಗ ಓಡಿಹೋಗಿ ಮೋಟಾರ್ ಹಾಕಬೇಕು. ಕುಪ್ಪುಸಾಮಿ ಒಂದು ಹಳೆಯ ಬಟನ್ ಫೋನು ಬಿಚ್ಚಿ, ಅದರೊಳಗೆ ಗುರ್ ಎಂದು ನಡುಗುವ ಪುಟ್ಟ ಮೋಟಾರಿನ ತಂತಿಯನ್ನು ಸ್ಟಾರ್ಟರಿಗೆ ಸೇರಿಸಿದರು. ಮನೆಯಿಂದ ಫೋನು ಮಾಡಿದರೆ ತೋಟದ ಫೋನು ನಡುಗುತ್ತದೆ, ನಡುಗಿದರೆ ಪಂಪು ಓಡುತ್ತದೆ. ಊರು ಬಾಯಿ ಮೇಲೆ ಬೆರಳಿಟ್ಟುಕೊಂಡಿತು. ಆದರೆ ಆ ಫೋನಿಗೆ ಯಾರು ಕರೆ ಮಾಡಿದರೂ ನಡುಕವೇ. ಕಾಲರ್ ಟ್ಯೂನ್ ಬೇಕಾ ಎಂದು ಕಂಪನಿಯ ಹುಡುಗಿ ಕೇಳಿದಾಗಲೆಲ್ಲ ಸುಬ್ಬಯ್ಯನ್ ಅವರ ಬಾಳೆ ತೋಟಕ್ಕೆ ನೀರು ಹರಿಯಿತು.

"ಆ ಉಡುಗಿ ನನ್ ಬಾಳೆ ಮೇಲೆ ಇಟ್ಟಿರಾ ಅಕ್ಕರೆ ನನ್ ಸೊಸೆ ಇಟ್ಟಿಲ್ಲ" ಎಂದು ಸುಬ್ಬಯ್ಯನ್ ಬೇವಿನ ಮರದ ಕೆಳಗೆ ಕೂತು ಹೇಳುತ್ತಿದ್ದರು. ಊರಿನ ದೊಡ್ಡ ಒಕ್ಕಲು ಅವರು. ಕುಪ್ಪುಸಾಮಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಂದಿನಿಂದ ಇಂದಿನವರೆಗೂ ಕಾಲೆಳೆಯುವುದನ್ನು ಬಿಟ್ಟವರಲ್ಲ.

ಮುಂದೆ ಕಂಪನಿಗಳವರು ಅದೇ ಉಪಾಯವನ್ನು ಚಂದದ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಅದು ತಮ್ಮಿಂದ ಕದ್ದದ್ದು ಎಂದು ಕುಪ್ಪುಸಾಮಿ ನಂಬಿದ್ದರು. ಪಲ್ಲಡದಲ್ಲೊಬ್ಬರು, ಉಡುಮಲೈಯಲ್ಲೊಬ್ಬರು, ಪೊಳ್ಳಾಚಿಯಲ್ಲಿ ಅಣ್ಣತಮ್ಮ ಇಬ್ಬರು ಕೂಡ ತಮ್ಮಿಂದಲೇ ಕದ್ದದ್ದು ಎಂದು ನಂಬಿದ್ದರು. ಯಾರ ಹೆಸರೂ ಎಲ್ಲೂ ಬರಲಿಲ್ಲ.

ಟೀ ಕುಡಿಯುತ್ತ ಈ ಅನ್ಯಾಯವನ್ನು ಕೇಳಿದ ನಿವೇತಾ ಸಮಾಧಾನ ಹೇಳಲು ನೋಡಿದಳು. ಟೆಲಿಫೋನು ಕಂಡುಹಿಡಿದದ್ದು ಬೆಲ್ ಅಂತ ಓದುತ್ತೇವೆ, ಆದರೆ ಅದೇ ದಿನ ಇನ್ನೊಬ್ಬರೂ ಅರ್ಜಿ ಹಾಕಿದ್ದರಂತೆ ಎಂದಳು.

"ಬೆಲ್ ಅಂದ್ರೆ ಮಣಿ ತಾನೇ?" ಎಂದರು ಕುಪ್ಪುಸಾಮಿ, ತಮಿಳಿನಲ್ಲಿ ಗಂಟೆಗೆ ಮಣಿ ಎನ್ನುವುದನ್ನು ನೆನೆದು. "ನಮ್ ಕಡೆ ಬೀದಿಗೆ ನಾಕ್ ಜನ ಮಣಿ ಅವ್ರೆ. ಅವ್ರಲ್ಲಿ ಒಬ್ನಾದ್ರೂ ಕಂಡಿಡ್ದಿರ್ತಾನೆ."

"ಕಂಪ್ಯೂಟರಿಗೆ ಅಪ್ಪ ಅಂತ ಬ್ಯಾಬೇಜ್ ಎಸ್ರು ಏಳ್ತಾರೆ, ಮಾಮ. ಆದ್ರೆ ಅವರು ಆ ಮೆಷಿನ್ ಮುಗಿಸಲೇ ಇಲ್ಲ."

ಕುಪ್ಪುಸಾಮಿ ಲೋಟ ಕೆಳಗಿಟ್ಟರು. "ಮುಗಿಸ್ಲಿಲ್ವಾ? ಮುಗಿಸ್ದೇನೇ ಅಪ್ಪ ಅಂತಾರಾ?" ಅವರ ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿದಂತೆ ಕಂಡಿತು. ಅವರ ಅಂಗಡಿಯಲ್ಲಿ ಮುಗಿಸದ ಮೆಷಿನ್ನುಗಳು ಅಟ್ಟದ ತುಂಬ ಇದ್ದವು.

"ಅಪ್ಪ ಬ್ಯಾಬೇಜು, ಸರಿ. ಅಮ್ಮ ಯಾರು?" ಎಂದು ಜಾನಮ್ಮ ಬಾಗಿಲಿಂದಲೇ ಕೇಳಿದಳು. "ಅಪ್ಪನ್ ಎಸ್ರು ಮಾತ್ರ ಗೊತ್ತಿರಾ ಕೂಸು ಎಲ್ಲಾರಾ ಉಂಟಾ ಅಮ್ಮಣಿ? ಅದೆಂಥಾ ಪುಸ್ತಕ ನಿಮ್ದು!"

ನಿವೇತಾಳಿಗೆ ಬೇಕಾಗಿದ್ದದ್ದು ಕೊನೆಯ ವರ್ಷದ ಪ್ರಾಜೆಕ್ಟು. ಗಾಂಧಿಪುರದ ಅಂಗಡಿಗಳಲ್ಲಿ ರೆಡಿಮೇಡು ಪ್ರಾಜೆಕ್ಟು ಸಿಗುತ್ತದೆ, ಸಹಪಾಠಿಗಳು ಚಪ್ಪಲಿ ಆರಿಸಿದಂತೆ ಆರಿಸಿ ತಂದಿದ್ದರು. ಅವಳಿಗೆ ಮನಸ್ಸಾಗಲಿಲ್ಲ. ಕುಪ್ಪುಸಾಮಿಗೆ ಬೇಕಾಗಿದ್ದದ್ದು ಒಂದು ಬೋರ್ಡು. 'ಕಂಡುಪಿಡಿಪ್ಪಾಳರ್ ಕುಪ್ಪುಸಾಮಿ' ಎಂದು, ಅಂದರೆ ಇದನ್ನು ಕಂಡುಹಿಡಿದವರು ಇವರು ಎಂದು, ತಮಿಳಿನಲ್ಲಿ, ಎಣ್ಣೆ ಬಣ್ಣದಲ್ಲಿ. ತಾನೇ ಬರೆಸಿಕೊಳ್ಳಬಹುದಿತ್ತು. ಆದರೆ ತನ್ನ ಮದುವೆಗೆ ತಾನೇ ಆರತಿ ಎತ್ತಿಕೊಂಡ ಹಾಗಾಗುತ್ತದೆ. ಊರು ಬರೆಸಬೇಕು. ಊರೆಂದರೆ ಸುಬ್ಬಯ್ಯನ್.

ಹೊಸ ಮೆಷಿನ್ನಿನ ಯೋಚನೆ ಹುಟ್ಟಿದ್ದು ರೀಚಾರ್ಜಿನ ಗೊಣಗಾಟದಿಂದ. ಕಂಪನಿಯ ಸ್ಟಾರ್ಟರಿಗೆ ಮೋಟಾರಿಗೊಂದು ಸಿಮ್ಮು ಬೇಕು. ಕೂಲಿಯವನಿಗೂ ಮಾಡದ ರೀಚಾರ್ಜು ಪಂಪಿಗೆ ಮಾಡಬೇಕಾ ಎಂದು ಒಕ್ಕಲುಗಳಿಗೆ ಉರಿ. ಕುಪ್ಪುಸಾಮಿ ಹೇಳಿದರು: ಊರ ನಡುವೆ ಒಂದೇ ಡಬ್ಬಿ, ಒಂದೇ ಸಿಮ್ಮು. ಸುತ್ತಲಿನ ಏಳು ತೋಟದ ಮೋಟಾರುಗಳಿಗೆ ಡಬ್ಬಿಯಿಂದ ರೇಡಿಯೋದಲ್ಲಿ ಅಪ್ಪಣೆ. ಕರೆಂಟು ಬಂದ ಕೂಡಲೇ ಡಬ್ಬಿಯೇ ಎಲ್ಲರಿಗೂ ಒಬ್ಬೊಬ್ಬರಂತೆ ಫೋನು ಮಾಡುತ್ತದೆ. ಬೇಕಾದವರು ತಮ್ಮ ಮೋಟಾರಿನ ನಂಬರು ಬಾಯಲ್ಲಿ ಹೇಳಿದರೆ ಸಾಕು, ಅದು ಓಡುತ್ತದೆ.

"ಬಾಯಲ್ಲಿ ಯಾಕೆ ಮಾಮ? ನಂಬರು ಒತ್ತಿದರೆ ಸುಲಭ."

"ಒತ್ತಾದು ಯಾರ್ ಬೇಕಾದ್ರೂ ಮಾಡ್ತಾರೆ. ಕೂಗುದ್ರೆ ಬರ್ಬೇಕು, ಎಮ್ಮೆ ಬಂದಂಗೆ."

ರೇಡಿಯೋ, ರಿಲೇ, ಸ್ಟಾರ್ಟರು ಕುಪ್ಪುಸಾಮಿಯ ಪಾಲಿಗೆ. ಡಬ್ಬಿಗೆ ಕಿವಿ ಕೊಡುವ ಕೆಲಸ ನಿವೇತಾಳ ಪಾಲಿಗೆ. ಅವಳು ಶನಿವಾರ ಶನಿವಾರ ಬಂದು ತೋಟ ತೋಟ ತಿರುಗಿ ದನಿ ರೆಕಾರ್ಡು ಮಾಡಿಕೊಂಡಳು. ಒಣ್ಣು, ರೆಂಡು, ಮೂಣು, ನಾಲು, ಅಂಜು, ಆರು, ಏಳು. ಮನೆಯಲ್ಲಿ ಕನ್ನಡ ಆಡಿದರೂ ಆ ಜನ ಎಣಿಸುವುದು ಶಾಲೆಯಲ್ಲಿ ಕಲಿತ ತಮಿಳಿನಲ್ಲೇ. ಆರು, ಏಳು ಮಾತ್ರ ಎರಡು ಭಾಷೆಗೂ ಹೆಚ್ಚುಕಮ್ಮಿ ಒಂದೇ ಎಂಬುದು ಬೇರೆ ಮಾತು. ಮನೆಮಾತು ಮನೆಗೆ, ಮೆಷಿನ್ನಿಗೆ ತಮಿಳು ಎಂದು ಅವಳು ಅದನ್ನೆಲ್ಲ ಅಚ್ಚುಕಟ್ಟಾಗಿ ತೀರ್ಮಾನಿಸಿಕೊಂಡಿದ್ದಳು. ಮೂರನೇ ತೋಟದ ನಾಚಿಯಮ್ಮ ಮಾತ್ರ ತೊಂದರೆ ಕೊಟ್ಟಳು. ವಯಸ್ಸಾದ ಹೆಂಗಸು. 'ಮೂಣು ಅನ್ನಿ ಅಜ್ಜಿ' ಎಂದರೆ 'ಯಾಕೆ?' ಅನ್ನುವಳು. ಎಷ್ಟು ಸಲ ಕೇಳಿದರೂ 'ಯಾಕೆ?' ಕೊನೆಗೆ ನಾಚಿಯಮ್ಮ 'ಯಾಕೆ' ಅಂದರೂ ಅದು ಮೂರೇ ಎಂದು ನಿವೇತಾ ಮೆಷಿನ್ನಿಗೆ ಕಲಿಸಿದಳು. ಹಾಗೆ ನೋಡಿದರೆ ಅಲ್ಲಿಯೇ ಅವಳಿಗೆ ಎಚ್ಚರವಾಗಬೇಕಿತ್ತು.

ಡಬ್ಬಿ ಫೋನು ಮಾಡಿದಾಗ ಆಡುವ ದನಿ ಯಾರದಾಗಿರಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಕುಪ್ಪುಸಾಮಿ ಗಂಟಲು ಸರಿಮಾಡಿಕೊಂಡು, ಕರೆಂಟು ಬಂದಿದೆ, ಯಾವ ಮೋಟಾರು ಎಂದು ತಮಿಳಿನಲ್ಲಿ ರೇಡಿಯೋ ವಾರ್ತೆಯವರಂತೆ ಓದಿದರು. ಡಬ್ಬಿಯ ನಂಬರನ್ನು ಎಲ್ಲರ ಫೋನಿನಲ್ಲೂ ತಮ್ಮ ಹೆಸರಿನಲ್ಲೇ ಹಾಕಿಸಿದರು. ಪೀಳಮೇಡಿನ ಲ್ಯಾಬಿನಲ್ಲಿ ಹುಡುಗರು ಹಲೋ, ಹಲೋ ಎಂದು ಪರೀಕ್ಷೆ ಮಾಡಿ ನೋಡಿದರು. ಒಂದು ತಪ್ಪೂ ಆಗಲಿಲ್ಲ.

ಸುಬ್ಬಯ್ಯನ್ ಬೇವಿನ ಮರದ ಕೆಳಗೆ ಮಾತು ಕೊಟ್ಟರು. "ಜಾನಮ್ಮನ ಈರುಳ್ಳಿ ಕೀಳಾವರ್ಗೂ ಈ ಡಬ್ಬಿ ತಪ್ಪು ಮಾಡ್ದೆ ಓಡ್ಲಿ, ಕುಪ್ಪಾ. ಬೋರ್ಡು ನಾನೇ ಬರಸ್ತೀನಿ. ಓಡ್ಲಿಲ್ಲ ಅನ್ನು, ಎಲ್ರೂ ಕಂಪ್ನಿ ಸ್ಟಾರ್ಟರ್ ತತ್ತೀವಿ. ನೀನ್ ತಟ್ಟೆ ಇಟ್ಕೊಂಡು ಊಟ ಮಾಡು."

ಜಾನಮ್ಮನ ಈರುಳ್ಳಿಯ ಮಾತು ಬಂದದ್ದಕ್ಕೆ ಕಾರಣವಿತ್ತು. ತವರಿಂದ ಬಂದ ಒಂದೆಕರೆಯಲ್ಲಿ ಅವಳು ಹಾಕಿದ ಸಣ್ಣ ಈರುಳ್ಳಿ ಎಲೆ ಬಾಗಿ ಕೀಳುವ ಹದಕ್ಕೆ ಬಂದಿತ್ತು. ಆ ಹದದಲ್ಲಿ ನೀರು ಬಿದ್ದರೆ ಗೆಡ್ಡೆ ಕೊಳೆಯುತ್ತದೆ. ತನ್ನ ಮೋಟಾರನ್ನು ಡಬ್ಬಿಗೆ ಸೇರಿಸಕೂಡದು ಎಂದು ಅವಳು ಹೇಳಿದ್ದಳು. ಆದರೆ ಡಬ್ಬಿಯ ಮೇಲೆ ಏಳು ದೀಪ ಇದ್ದವು. ಆರು ಉರಿದು ಒಂದು ಕುರುಡಾಗಿದ್ದರೆ ನೋಡುವವರು ಏನೆಂದಾರು? ಕುಪ್ಪುಸಾಮಿ ಏಳನೆಯದಾಗಿ ಅದನ್ನೂ ಸೇರಿಸಿಬಿಟ್ಟರು. "ಏಳು ಅನ್ನಾ ಅಕ್ಕು ನಿಂಗೊಬ್ಳಿಗೇ. ನೀನ್ ಅನ್ಬೇಡ, ಮುಗೀತು" ಎಂದರು. ಜಾನಮ್ಮ ಬಸುರಿ ಮಗಳು ಸಾಂತಿಯ ಬಳೆ ಶಾಸ್ತ್ರಕ್ಕೆ ತಿರುಪ್ಪೂರಿಗೆ ಹೊರಡುವ ಅವಸರದಲ್ಲಿದ್ದಳು. "ಒಂದ್ ತೊಟ್ಟು ನೀರ್ ಬಿದ್ರೆ ನಿಮ್ಮನ್ನೇ ಪಾತೀಲಿ ನೆಡ್ತೀನಿ" ಎಂದು ಹೇಳಿ ಬಸ್ಸು ಹತ್ತಿದಳು.

ಆ ದಿನಗಳಲ್ಲಿ ಕುಪ್ಪುಸಾಮಿ ತೋಟದ ಕಡೆ ಹೋಗಲಿಲ್ಲ. ಟಿವಿಎಸ್ ಗಾಡಿ ಹತ್ತಿ ಸುತ್ತಲಿನ ಊರುಗಳಿಗೆಲ್ಲ ತಮ್ಮ ಡಬ್ಬಿಯ ಸುದ್ದಿ ಸಾರುತ್ತಿದ್ದರು. ಬೋರ್‌ವೆಲ್ಲಿನ ಮೋಟಾರು ನೆಲದೊಳಗಿನದು, ಓಡುವುದು ದಾರಿಗೆ ಕೇಳಿಸುವುದಿಲ್ಲ. ಕರೆಂಟು ಬಂದಾಗ ಫೋನು ಬರುತ್ತಿತ್ತು, ಒಕ್ಕಲುಗಳು ನಂಬರು ಹೇಳುತ್ತಿದ್ದರು, ಅವರವರ ಮೋಟಾರು ಓಡುತ್ತಿತ್ತು. ಎಲ್ಲರೂ ಬೆರಗಾದರು. ಬೋರ್ಡಿನ ಬಣ್ಣಕ್ಕೆ ಬೆಲೆ ಕೇಳಿಕೊಂಡು ಬರಲು ಸುಬ್ಬಯ್ಯನ್ ಆಳು ಕಳಿಸಿದ್ದಾರೆ ಎಂಬ ಸುದ್ದಿಯೂ ಬಂತು.

ಮುಂದಿನ ಶನಿವಾರ ನಿವೇತಾ ಬೇವಿನ ಮರದ ಬಳಿ ಇಳಿದಾಗ ಮೋಟಾರ್ ರೂಮಿನ ಮುಂದೆ ಜನ ಸೇರಿದ್ದರು. ಡಬ್ಬಿ ಗೋಡೆಯಲ್ಲಿ ಮಿಣುಕುತ್ತಿತ್ತು. ಅದರ ಕೆಳಗೆ ಸುಬ್ಬಯ್ಯನ್ ಪಂಚೆಗೆ ಕೆಸರು ಮೆತ್ತಿಕೊಂಡು ನಿಂತು ಕೂಗುತ್ತಿದ್ದರು.

"ನಮ್ ನೀರೆಲ್ಲ ಎಳ್ದು ಎಂಡ್ತಿ ತೋಟುಕ್ ಬುಡ್ತಾ ಇದ್ದೀಯಾ, ಕುಪ್ಪಾ? ಇದ್ನೇನಾ ನೀನ್ ಕಂಡಿಡ್ದಿದ್ದು? ಓಗ್ ನೋಡು, ಈರುಳ್ಳಿ ಪಾತೀಲ್ ಬಾತು ಈಜ್ತಾ ಅವೆ."

ಕುಪ್ಪುಸಾಮಿಯ ಮುಖ ಬಿಳಿಚಿಕೊಂಡಿತ್ತು. "ನಾನ್ ಏಳು ಅಂದಿಲ್ಲ. ನೀವೇ ಅಂದಿರ್ಬೇಕು, ಬೋರ್ಡು ತಪ್ಪಿಸ್ಕೊಳ್ಳಕ್ಕೆ."

"ನನ್ ನಂಬ್ರು ಆರು. ಆರು ಬಿಟ್ಟು ಆ ಡಬ್ಬೀ ಜೊತೆ ಬೇರೆ ಒಂದ್ ಮಾತ್ ಆಡಿಲ್ಲ ನಾನು, ನಮ್ಮಯ್ಯನ್ ಆಣೆ!"

"ನಾನೂ ಮೂಣು ಮಾತ್ರ ಅಂದಿದ್ದು" ಎಂದಳು ನಾಚಿಯಮ್ಮ. "ಏನಾರಾ ಕೇಳುದ್ರೆ ಅದು ತಿರ್ಗಿ ಮಾತಾಡಾಕಿಲ್ಲ. ದಿಮಾಕು."

ಎಲ್ಲರೂ ನಿವೇತಾಳ ಕಡೆ ತಿರುಗಿದರು. ಡಬ್ಬಿಯ ಕಿವಿ ಅವಳು ಕೊಟ್ಟದ್ದು. ಕಿವಿ ಕೆಟ್ಟಿದ್ದರೆ ಪ್ರಾಜೆಕ್ಟು ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಾಮನ ಬೋರ್ಡು ಹೋಯಿತು. ಅದೇ ಹೊತ್ತಿಗೆ ಮಿನಿ ಬಸ್ಸಿನಿಂದ ಜಾನಮ್ಮ ಇಳಿದು ಬಂದಳು. ಎರಡೂ ಕೈ ಮೊಳಕೈಯವರೆಗೆ ಶಾಸ್ತ್ರದ ಗಾಜಿನ ಬಳೆ. ನೇರ ತನ್ನ ಪಾತಿಗೆ ಹೋದಳು. ಕೆಸರಿಂದ ಒಂದು ಬುಡ ಈರುಳ್ಳಿ ಕಿತ್ತು, ಅದನ್ನು ಹಿಡಿದು, ಬಳೆ ಸದ್ದು ಮಾಡುತ್ತ ಬಂದು ಗಂಡನ ಎದುರು ನಿಂತಳು.

"ಏನುಂಗ ಇದು?"

"ಅದು... ಟ್ರಯಲ್ಲು" ಎಂದರು ಕುಪ್ಪುಸಾಮಿ.

ಅವಳು ಬಾಯಿ ತೆಗೆಯುವಷ್ಟರಲ್ಲಿ ಕರೆಂಟು ಬಂತು. ಡಬ್ಬಿ ಒಮ್ಮೆ ಕಿಣಿ ಎಂದಿತು, ಕರೆ ಮಾಡಲು ಶುರು ಮಾಡಿತು. ಸುಬ್ಬಯ್ಯನ್ ಅವರ ಜೇಬಿನಲ್ಲಿ ಫೋನು ಬಡಿಯಿತು. ಅವರು ತೆಗೆದು ನೋಡಿದರು, 'ಕುಪ್ಪುಸಾಮಿ' ಎಂದಿತ್ತು. ಕುಪ್ಪುಸಾಮಿ ಎದುರಿಗೇ ನಿಂತಿದ್ದರು. ಆದರೂ ಅಭ್ಯಾಸ ಅಭ್ಯಾಸವೇ. ಫೋನು ಕಿವಿಗಿಟ್ಟು ಸುಬ್ಬಯ್ಯನ್ ಎಂದರು:

"ಆ, ಏಳು ಕುಪ್ಪಾ."

ಡಬ್ಬಿಯಲ್ಲಿ ಏಳನೇ ದೀಪ ಹೊತ್ತಿಕೊಂಡಿತು. ದೂರದ ಈರುಳ್ಳಿ ಪಾತಿಯ ಪೈಪು ಒಂದು ಸಲ ಕೆಮ್ಮಿ ನೀರು ಉಗುಳಿತು.

ನಿವೇತಾ ದೀಪವನ್ನು ನೋಡಿದಳು, ಸುಬ್ಬಯ್ಯನ್ ಅವರ ಬಾಯಿಯನ್ನು ನೋಡಿದಳು. ಅಷ್ಟರಲ್ಲಿ ನಾಚಿಯಮ್ಮನ ಫೋನು ಬಡಿಯಿತು. "ಏಳು ಕುಪ್ಪು. ಏಳು, ಏಳು... ಯಾಕ್ ಸುಮ್ಕಿದ್ದೀಯ?" ಏಳನೇ ದೀಪದ ಜೊತೆಗೆ ಮೂರನೆಯದೂ ಹೊತ್ತಿಕೊಂಡಿತು.

ನಿವೇತಾಳಿಗೆ ನಗು ತಡೆಯಲಾಗಲಿಲ್ಲ. ಊರೆಲ್ಲ ಸೇರಿ ಜಗಳವಾಡುವಾಗ, ದೊಡ್ಡವರ ಮುಂದೆ, ಇಸ್ತ್ರಿ ಮಾಡಿದ ಚೂಡಿದಾರಿನಲ್ಲಿ, ಅವಳು ಗೋಡೆ ಹಿಡಿದುಕೊಂಡು ನಕ್ಕಳು.

"ಯಾರೂ ಏಳು ಅಂದಿಲ್ಲ ಮಾಮ" ಎಂದಳು ಕೊನೆಗೆ. "ಎಲ್ರೂ 'ಏಳು' ಅಂದಿದ್ದಾರೆ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಹುಡುಗಿಗೆ ಬಿಸಿಲು ತಲೆಗೇರಿದೆ ಎಂದು ನಾಚಿಯಮ್ಮ ನೀರು ತರಲು ಹೋದಳು.

ನಿವೇತಾಳ ಹಾಸ್ಟೆಲಿನಲ್ಲಿ ಮೈಸೂರಿನ ಲಕ್ಷ್ಮೀಪ್ರಿಯಾ ಎಂಬ ಹುಡುಗಿ ಇದ್ದಳು. 'ನಿಮ್ಮ ಕನ್ನಡದ ಹಕಾರವನ್ನೆಲ್ಲ ಬರುವಾಗ ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಂಡರಾ?' ಎಂದು ಅವಳು ರೇಗಿಸುತ್ತಿದ್ದಳು. ಆಗ ನಿವೇತಾಳಿಗೆ ಸಿಟ್ಟು ಬರುತ್ತಿತ್ತು. ಈಗ ಆ ಹಕಾರ ಬೇಕಾಯಿತು. ಅವಳು ಉಸಿರು ಎಳೆದುಕೊಂಡು ಎಂದಳು: "ಹ್... ಹೇಳು. ಮಾತಾಡು ಅನ್ನಾದು. ಅದು ಹೇಳು. ನಾವು ಅನ್ನಾದು ಏಳು. ಡಬ್ಬಿಗೆ ಏಳು ಅಂದ್ರೆ ಏಳೇ."

ಅವಳಿಗೆ ಕೆಮ್ಮು ಬಂತೋ ಎಂಬಂತೆ ಸುಬ್ಬಯ್ಯನ್ ನೋಡಿದರು. "ಅದೇ ತಾನೇ? ಏಳು?"

ತಮಿಳರು ಫೋನು ಮಾಡಿದರೆ ಈ ಊರಿನವರೆಲ್ಲ 'ಸೊಲ್ಲುಂಗ', ಅಂದರೆ ಹೇಳಿ, ಎನ್ನುತ್ತಾರೆ. ಬ್ಯಾಂಕಿನವರು ಮಾಡಿದರೆ ಹಲೋ. ಹೆಸರು ನೋಡಿ ನಮ್ಮವನು ಎಂದು ಗೊತ್ತಾದರೆ ಮಾತ್ರ 'ಏಳು'. ಕುಪ್ಪುಸಾಮಿ ತಮ್ಮ ಹೆಸರು ಹಾಕಿಸದೆ ಬರೀ ಡಬ್ಬಿ ಎಂದು ಹಾಕಿಸಿದ್ದರೆ ಈರುಳ್ಳಿ ಒಣಗಿಯೇ ಇರುತ್ತಿತ್ತು. ಡಬ್ಬಿ ಮಾತ್ರ ಒಳ್ಳೆಯ ವಿದ್ಯಾರ್ಥಿಯ ಹಾಗೆ, ಅದೇ ಬಾಯಿಗಳಿಂದ ಕಲಿತ ಪಾಠವನ್ನು ಅದೇ ಬಾಯಿಗಳಿಗೆ ಒಪ್ಪಿಸಿತ್ತು.

ಒಬ್ಬೊಬ್ಬರಿಗಾಗಿ ತಿಳಿಯಿತು. ತಿಳಿದವರು ಪಕ್ಕದವರಿಗೆ ಹೇಳಿದರು. ಕುಪ್ಪುಸಾಮಿ ಓಡಿಹೋಗಿ ಏಳನೇ ಮೋಟಾರನ್ನು ನಿಲ್ಲಿಸಿ ಬಂದರು. ಅಷ್ಟರಲ್ಲಿ ಕೊನೆಯ ಕರೆ ಜಾನಮ್ಮನ ಫೋನಿಗೆ ಬಂತು. ಅವಳು ಬಳೆಗೈಯಿಂದ ಅದನ್ನೆತ್ತಿ ಕಿವಿಗಿಟ್ಟುಕೊಂಡು, ಬೇಕೆಂದೇ ತುಟಿ ಬಿಗಿಹಿಡಿದು ನಿಂತಳು. ಆಮೇಲೆ ನೆರೆದವರನ್ನು ಒಮ್ಮೆ ನೋಡಿದಳು. ಕೆಲವರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಅವಳಿಗೆ ರೇಗಿತು.

"ಏಳು ಅಂದೋರೆಲ್ಲ ಏಳಿ! ಈರುಳ್ಳಿ ಕೀಳಕ್ ಬನ್ನಿ!"

ಏಳನೇ ದೀಪ ಮತ್ತೆ ಹೊತ್ತಿಕೊಂಡಿತು.

ಹಾಗೆ ಆ ಮಧ್ಯಾಹ್ನ ಕಾಳೇಗೌಂಡನಪುದೂರಿನ ಒಕ್ಕಲುಗಳೆಲ್ಲ ಜಾನಮ್ಮನ ಕೆಸರಿನಲ್ಲಿ ಬಗ್ಗಿ ಈರುಳ್ಳಿ ಕಿತ್ತರು. ಸುಬ್ಬಯ್ಯನ್ ಕೂಡ ಪಂಚೆ ಎತ್ತಿ ಕಟ್ಟಿದರು, ಏಳು ಎಂದದ್ದಕ್ಕೆ ಸಾಕ್ಷಿಗಳು ಬೇಕಾದಷ್ಟಿದ್ದರು. ಕಿತ್ತದ್ದನ್ನು ತೆಂಗಿನ ಗರಿಯ ಚಪ್ಪರದ ಕೆಳಗೆ ಗಾಳಿಗೆ ಹರಡಿದರು. ಮೇಲಿನ ಪಾತಿಗಳದ್ದು ಉಳಿಯಿತು, ಕೆಳಗಿನ ಪಾತಿಗಳದ್ದು ಎಮ್ಮೆಗಾಯಿತು.

ಕೀಳುತ್ತಲೇ ನ್ಯಾಯ ತೀರ್ಮಾನವೂ ನಡೆಯಿತು.

"ಡಬ್ಬಿ ತಪ್ಪು ಮಾಡಿಲ್ಲ" ಎಂದು ಕುಪ್ಪುಸಾಮಿ ವಾದ ಹೂಡಿದರು. "ಏಳು ಅಂದ್ರಿ, ಏಳು ಓಡ್ತು. ರಿಪೇರಿ ಆಗ್ಬೇಕಾಗಿರಾದು ನಿಮ್ ಬಾಯಿ."

ಎಲ್ಲರೂ ಹಲೋ ಎನ್ನುವುದನ್ನು ರೂಢಿ ಮಾಡಿಕೊಳ್ಳಿ ಎಂದಳು ನಿವೇತಾ. ಈ ವಯಸ್ಸಿನಲ್ಲಿ ಅಲೋ ಗಿಲೋ ತನ್ನ ಬಾಯಲ್ಲಿ ಬರುವುದಿಲ್ಲ ಎಂದಳು ನಾಚಿಯಮ್ಮ.

"ಸೊಲ್ಲುಂಗ ಅನ್ನಿ ಅಂಗಾದ್ರೆ."

"ಕುಪ್ಪಂಗೆ ಸೊಲ್ಲುಂಗ ಅನ್ಬೇಕಾ?" ಸುಬ್ಬಯ್ಯನ್ ನಡು ನೆಟ್ಟಗೆ ಮಾಡಿದರು. "ಚಡ್ಡಿ ಆಕಾ ಕಾಲ್ದಿಂದ ನೋಡಿದ್ದೀನಿ ಅವ್ನ. ಏಳು ಅನ್ನಾದೇ ಎಚ್ಚು."

ಎರಡು ಮಾತನ್ನೂ ಬೇರೆ ಬೇರೆ ತಿಳಿಯುವಂತೆ ಡಬ್ಬಿಗೆ ಹೊಸದಾಗಿ ಕಲಿಸಬಹುದು, ಪರೀಕ್ಷೆ ಮುಗಿದ ಮೇಲೆ ಕೂತು ಮಾಡುತ್ತೇನೆ ಎಂದು ನಿವೇತಾ ಹೇಳುತ್ತಿದ್ದಳು. ಜಾನಮ್ಮ ಬುಟ್ಟಿ ಎತ್ತುತ್ತ, "ಏಳೇ ಬೇಡ. ನಂದ್ನ ಎಂಟು ಮಾಡ್ಬುಡಿ" ಎಂದಳು. ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ಕಾಳೇಗೌಂಡನಪುದೂರಿನ ಡಬ್ಬಿಗೆ ಆರಾದ ಮೇಲೆ ಎಂಟು. ಏಳು ಎಂದು ಯಾರು ಎಷ್ಟು ಸಲ ಅಂದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪ್ರಾಜೆಕ್ಟಿನ ಪರೀಕ್ಷೆಯ ದಿನ ಕುಪ್ಪುಸಾಮಿ ಬಿಳಿ ಪಂಚೆ ಉಟ್ಟು, ಡಬ್ಬಿಯನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಅದಕ್ಕೂ ಸೀಟು ಹಿಡಿದು ಪೀಳಮೇಡಿಗೆ ಬಂದರು. ಹೊರಗಿನಿಂದ ಬಂದ ಪರೀಕ್ಷಕರು ಡಬ್ಬಿಯ ಮೇಲಿನ ನಂಬರುಗಳನ್ನು ಎಣಿಸಿ, ಏಳು ಎಲ್ಲಿ ಎಂದು ಕೇಳಿದರು. ನಿವೇತಾ ಕಲಿತುಕೊಂಡು ಹೋಗಿದ್ದ ಉತ್ತರಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಈರುಳ್ಳಿ ಸಮೇತ ಹೇಳಿದಳು. ಪರೀಕ್ಷಕರು ತಮಿಳರು, ಕೆನ್ನೆಗೆ ಕೈಯಿಟ್ಟುಕೊಂಡು ಕೇಳಿ, ಬಹಳ ಹೊತ್ತು ನಕ್ಕು, ಪಾಸು ಮಾಡಿದರು. 'ಇದಕ್ಕೆ ಅಪ್ಪ ನಾನು' ಎಂದು ಕುಪ್ಪುಸಾಮಿ ಕೇಳದೆಯೇ ತಿಳಿಸಿದರು.

ಬೋರ್ಡಿನ ವಿಷಯ ಉಳಿದಿತ್ತು. ಡಬ್ಬಿ ತಪ್ಪು ಮಾಡಿತೋ ಇಲ್ಲವೋ ಎಂಬುದು ಬೇವಿನ ಮರದ ಕೆಳಗೆ ಇತ್ಯರ್ಥವಾಗಲೇ ಇಲ್ಲ. ಆದರೂ ಒಂದು ಬೆಳಿಗ್ಗೆ ಸುಬ್ಬಯ್ಯನ್ ಅನ್ನೂರಿನ ಪೇಂಟರನ್ನು ಕರೆತಂದು, ಮೋಟಾರ್ ರೂಮಿನ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ, ತಮಿಳಿನಲ್ಲಿ ಬರೆಸಿದರು. ಕುಪ್ಪುಸಾಮಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ನೋಡಲು ಬಂದರು. ಬೋರ್ಡಿನಲ್ಲಿ ಹೀಗಿತ್ತು: 'ಇಲ್ಲಿಯ ಫೋನಿಗೆ ಯಾರೂ ಏಳು ಎನ್ನಬಾರದು. ಇಂಗನಂ, ಕಂಡುಪಿಡಿಪ್ಪಾಳರ್ ಕುಪ್ಪುಸಾಮಿ.'

ಇಂಗನಂ ಎಂಬುದು ತಮಿಳುನಾಡಿನ ನೋಟೀಸುಗಳಲ್ಲಿ, ಅಪ್ಪಣೆಯ ಕೆಳಗೆ, ಅದನ್ನು ಹೊರಡಿಸಿದ ಅಧಿಕಾರಿಯ ಹೆಸರಿಗೆ ಮುಂಚೆ ಬರೆಯುವ ಮಾತು. ಇಲ್ಲಿ ಉಚ್ಚೆ ಹೊಯ್ಯಬಾರದು ಎಂಬ ಬೋರ್ಡುಗಳಲ್ಲೂ ಅದು ಇರುತ್ತದೆ. ಕುಪ್ಪುಸಾಮಿ ಬೋರ್ಡನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಕೊನೆಯ ಸಾಲನ್ನು ಮಾತ್ರ ಇನ್ನೊಮ್ಮೆ ಓದಿದರು. ಎಲ್ಲರೂ ಜಗಳ ನೋಡಲು ತಯಾರಾಗಿ ನಿಂತಿದ್ದರು.

"ಎಸ್ರು ಸರಿಯಾಗ್ ಬಂದದೆ" ಎಂದು ಹೇಳಿ ಅವರು ಪೇಂಟರಿಗೆ ಟೀ ತರಿಸಿದರು.

"ಅಪ್ಪನ್ ಎಸ್ರು ಬಂತು" ಎಂದಳು ಜಾನಮ್ಮ ನಿವೇತಾಳ ಕಡೆ ತಿರುಗಿ. "ಅಮ್ಮ ನೀನೇ ಬುಡು. ಕೂಸ್ಗೆ ಮಾತ್ ಕಲ್ಸಿದ್ದು ನೀನ್ ತಾನೇ. ಎಡವಟ್ ಮಾತು, ಆದ್ರೂ."

ಜೇಬಿನಲ್ಲಿ ಫೋನು ಬಡಿಯಿತು. ಕರೆಂಟು ಬಂದಿತ್ತು. ಸುಬ್ಬಯ್ಯನ್ ಆ ಬೋರ್ಡಿಗೆ ಬೆನ್ನು ಒರಗಿಸಿ, ಒಣಗದ ಬಣ್ಣ ಅಂಗಿಗೆ ಹತ್ತಿದ್ದು ತಿಳಿಯದೆ, ಕಿವಿಗಿಟ್ಟುಕೊಂಡು ಎಂದರು: "ಆ, ಏಳು ಕುಪ್ಪಾ."

ಕುಪ್ಪುಸಾಮಿ ಈಗಲೂ ಕಾಳೇಗೌಂಡನಪುದೂರಿನಲ್ಲಿ ಮೋಟಾರ್ ಕಾಯಿಲ್ ಕಟ್ಟುತ್ತಾರೆ. ಡಬ್ಬಿಯನ್ನು ಅವರೇ ನೋಡಿಕೊಳ್ಳುತ್ತಾರೆ. ಎಂಟನೇ ನಂಬರನ್ನು ಹೆಂಡತಿ ಹೇಳಿದಾಗ ಮಾತ್ರ ಓಡಿಸುತ್ತಾರೆ.